ಆಟ ಕಟ್ಟುವವರು ಬಾಯಿಬಿಟ್ಟಾಗ

2018ರ ಅಕ್ಟೋಬರ್ ಮಧ್ಯದಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕಂಪನಿ ತನ್ನ ನೌಕರರಿಗೆ ಒಂದು ಸೂಚನೆ ಕೊಟ್ಟಿತು. ಕಂಪನಿಯಲ್ಲಿ ಕೆಲಸ ಹೇಗಿದೆ, ಎಷ್ಟು ಹೊತ್ತು ದುಡಿಯಬೇಕಾಗುತ್ತದೆ ಎಂಬುದನ್ನು ಇಷ್ಟವಿದ್ದವರು ಸಾಮಾಜಿಕ ಜಾಲತಾಣಗಳಲ್ಲಿ ಬಹಿರಂಗವಾಗಿ ಬರೆಯಬಹುದು ಎಂಬುದು ಅದರ ಸಾರ. ಒಳಗಿನ ವಿಷಯ ಹೊರಗೆ ಹೋಗಬಾರದು ಎಂಬ ಬಿಗಿಗೆ ಹೆಸರಾದ ಕಂಪನಿಯಿದು. ‘ಗ್ರ್ಯಾಂಡ್ ಥೆಫ್ಟ್ ಆಟೋ’ ಸರಣಿಯಿಂದ ಜಗತ್ತಿಗೆಲ್ಲ ಪರಿಚಿತವಾದ ಈ ಕಂಪನಿಯ ಹೊಸ ಆಟ ‘ರೆಡ್ ಡೆಡ್ ರಿಡೆಂಪ್ಷನ್ 2’ ಮಾರುಕಟ್ಟೆಗೆ ಬರಲು ಆಗ ಹತ್ತು ದಿನವೂ ಉಳಿದಿರಲಿಲ್ಲ. ಸೂಚನೆ ಬಂದ ಮೇಲೆ ಹಲವು ನೌಕರರು ತಮ್ಮ ಹೆಸರಿನಲ್ಲೇ ಬರೆದರು. ಇನ್ನೂ ಹೆಚ್ಚು ಮಂದಿ ಹೆಸರು ಮುಚ್ಚಿಟ್ಟುಕೊಂಡು ಪತ್ರಕರ್ತರ ಬಳಿ ಮಾತಾಡಿದರು.

ವಿಡಿಯೋ ಗೇಮ್ ಉದ್ಯಮದಲ್ಲಿ ದುಡಿಯುವವರು ತಮ್ಮ ಕೆಲಸದ ಬಗ್ಗೆ ಬಹಿರಂಗವಾಗಿ ಮಾತಾಡಿದ ಸಂದರ್ಭಗಳಲ್ಲಿ ಇದು ಮುಖ್ಯವಾದದ್ದು. ಮಾಲೀಕರು ಕೊಡುವ ಅನುಮತಿ ಎಷ್ಟು ದೂರ ಬರುತ್ತದೆ, ಎಲ್ಲಿಂದಾಚೆ ಕಾನೂನು ಕೊಡುವ ಹಕ್ಕು ಬೇಕಾಗುತ್ತದೆ ಎಂಬ ಎರಡನ್ನೂ ಅದು ಸ್ಪಷ್ಟವಾಗಿ ತೋರಿಸಿತು.

ಗುಟ್ಟು ಯಾವುದು, ಗುಟ್ಟಲ್ಲದ್ದು ಯಾವುದು

ಗೇಮ್ ಕಂಪನಿಗೆ ಸೇರುವ ದಿನವೇ ನೌಕರರು ಗೌಪ್ಯತಾ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಇದಕ್ಕೆ ಸಕಾರಣವಿದೆ. ದೊಡ್ಡ ಆಟವೊಂದನ್ನು ಕಟ್ಟಲು ನಾಲ್ಕರಿಂದ ಎಂಟು ವರ್ಷ ಹಿಡಿಯುತ್ತದೆ. ಅಷ್ಟು ಕಾಲ ಕಥೆ, ಪಾತ್ರ, ತಂತ್ರಾಂಶ ಯಾವುದೂ ಹೊರಗೆ ಸೋರಬಾರದು. 2022ರ ಸೆಪ್ಟೆಂಬರಿನಲ್ಲಿ ಹ್ಯಾಕರ್ ಒಬ್ಬ ರಾಕ್‌ಸ್ಟಾರ್‌ನ ಒಳಜಾಲಕ್ಕೆ ನುಗ್ಗಿ, ಇನ್ನೂ ಅರೆಬರೆಯಾಗಿದ್ದ ‘ಗ್ರ್ಯಾಂಡ್ ಥೆಫ್ಟ್ ಆಟೋ 6’ರ ಸುಮಾರು 90 ವಿಡಿಯೋ ತುಣುಕುಗಳನ್ನು ಬಯಲಿಗೆ ಹಾಕಿದ. ವರ್ಷಗಟ್ಟಲೆ ಮುಚ್ಚಿಟ್ಟು ಮಾಡಿದ ಕೆಲಸ ಒಂದೇ ದಿನದಲ್ಲಿ ಲಕ್ಷಾಂತರ ಜನರ ಮುಂದೆ ಬಿತ್ತು. ಇಂಥದ್ದನ್ನು ತಡೆಯಬೇಕೆಂದು ಕಂಪನಿ ಬಯಸುವುದರಲ್ಲಿ ತಪ್ಪೇನಿಲ್ಲ.

ತೊಂದರೆ ಇರುವುದು ಆ ಒಪ್ಪಂದ ಎಲ್ಲಿಯವರೆಗೆ ಚಾಚಿಕೊಳ್ಳುತ್ತದೆ ಎಂಬುದರಲ್ಲಿ. ಆಟದ ಕಥೆ ವ್ಯಾಪಾರದ ಗುಟ್ಟು. ಶನಿವಾರ, ಭಾನುವಾರವೂ ಕಚೇರಿಗೆ ಬರಬೇಕಾಯಿತು ಎಂಬುದು ಗುಟ್ಟಲ್ಲ, ದುಡಿಮೆಯ ಸ್ಥಿತಿ. ಮ್ಯಾನೇಜರ್ ಕಿರುಕುಳ ಕೊಟ್ಟ ಎಂಬುದು ಕೂಡ ಗುಟ್ಟಲ್ಲ, ಅನ್ಯಾಯ. ಕಾಗದದ ಮೇಲಿನ ಭಾಷೆ ಗುಟ್ಟನ್ನೂ ಗುಟ್ಟಲ್ಲದ್ದನ್ನೂ ಬೇರ್ಪಡಿಸದೇ ಇದ್ದಾಗ ನೌಕರ ಎಲ್ಲಕ್ಕೂ ಬಾಯಿ ಮುಚ್ಚಿಕೊಳ್ಳುತ್ತಾನೆ. ಯಾವ ಮಾತಿಗೆ ನೋಟಿಸ್ ಬರುತ್ತದೋ ಎಂಬ ಅಂಜಿಕೆಯೇ ಸಾಕು.

ಒಪ್ಪಂದದ ಆಚೆಗೂ ಕಟ್ಟುಗಳಿವೆ. ಆಟ ಬಿಡುಗಡೆಯಾದ ಮೇಲೆ ಬರುವ ಬೋನಸ್ ಸಂಬಳದ ದೊಡ್ಡ ಭಾಗವಾಗಿರುತ್ತದೆ. ನಡುವೆ ಕೆಲಸ ಬಿಟ್ಟರೆ ಅದು ಕೈತಪ್ಪುತ್ತದೆ. ಆಟದ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯೂ ಹಾಗೆಯೇ. ಈ ಉದ್ಯಮದಲ್ಲಿ ಇನ್ನೊಂದು ಕೆಲಸ ಹುಡುಕುವಾಗ ಆ ಪಟ್ಟಿಯೇ ಪುರಾವೆ. ಸಿಡ್ನಿಯ ಟೀಮ್ ಬಾಂಡಿ ಸ್ಟುಡಿಯೋ ಕಟ್ಟಿದ ‘ಎಲ್‌.ಎ. ನ್ವಾರ್’ ಆಟ 2011ರಲ್ಲಿ ಹೊರಬಂದಾಗ, ಅದಕ್ಕಾಗಿ ದುಡಿದ ನೂರಕ್ಕೂ ಹೆಚ್ಚು ಮಂದಿಯ ಹೆಸರು ಪಟ್ಟಿಯಲ್ಲಿರಲಿಲ್ಲ. ಅವರೇ ಬೇರೆ ಪಟ್ಟಿ ಮಾಡಿ ಪ್ರಕಟಿಸಬೇಕಾಯಿತು. ಇದೆಲ್ಲದರ ಜೊತೆಗೆ ಉದ್ಯಮ ಚಿಕ್ಕದು, ಒಬ್ಬರಿಗೊಬ್ಬರು ಪರಿಚಿತರು. ‘ತಕರಾರಿನವನು’ ಎಂಬ ಹೆಸರು ಒಮ್ಮೆ ಅಂಟಿದರೆ ಬಿಡಿಸಿಕೊಳ್ಳುವುದು ಕಷ್ಟ.

ಕ್ರಂಚ್ ಎಂಬ ಪದ್ಧತಿ

ನೌಕರರು ಬಾಯಿಬಿಟ್ಟಾಗಲೆಲ್ಲ ಮೊದಲು ಕೇಳಿಬರುವ ದೂರು ಕ್ರಂಚ್. ಬಿಡುಗಡೆಯ ದಿನ ಹತ್ತಿರವಾದಂತೆ ರಾತ್ರಿ, ವಾರದ ರಜೆ, ಹಬ್ಬ ಎಲ್ಲವನ್ನೂ ಬಿಟ್ಟು ದುಡಿಯುವುದಕ್ಕೆ ಉದ್ಯಮದಲ್ಲಿ ಬಳಕೆಯಲ್ಲಿರುವ ಮಾತು ಅದು. ಒಂದೆರಡು ವಾರದ ಕ್ರಂಚ್ ಯಾವ ವೃತ್ತಿಯಲ್ಲಾದರೂ ಇದ್ದೀತು. ಗೇಮ್ ಉದ್ಯಮದಲ್ಲಿ ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವಿಡೀ ನಡೆಯುತ್ತದೆ.

ಇದಕ್ಕೆ ಕಾರಣ ಆಟ ತಯಾರಾಗುವ ರೀತಿಯಲ್ಲೇ ಇದೆ. ಆಟವೊಂದು ಮಜವಾಗಿದೆಯೇ ಇಲ್ಲವೇ ಎಂಬುದು ಅದನ್ನು ಆಡಿ ನೋಡುವವರೆಗೆ ತಿಳಿಯುವುದಿಲ್ಲ. ಹಾಗಾಗಿ ಮಾಡಿದ್ದನ್ನು ಕಿತ್ತು ಮತ್ತೆ ಮಾಡುವುದು ಕೆಲಸದ ಭಾಗವೇ ಆಗಿದೆ. ‘ರೆಡ್ ಡೆಡ್ ರಿಡೆಂಪ್ಷನ್ 2’ರ ಕಥಾದೃಶ್ಯಗಳಿಗೆ ಸಿನಿಮಾದ ಹಾಗೆ ಮೇಲೂ ಕೆಳಗೂ ಕಪ್ಪು ಪಟ್ಟಿ ಇರಲಿ ಎಂಬ ತೀರ್ಮಾನ ತಡವಾಗಿ ಬಂತು. ಕೇಳಲು ಸಣ್ಣ ಬದಲಾವಣೆ. ಆದರೆ ಪಟ್ಟಿ ಬಂದರೆ ಚೌಕಟ್ಟಿನ ಅಳತೆ ಬದಲಾಗುತ್ತದೆ, ಪಾತ್ರದ ತಲೆ ಕತ್ತರಿಸಿಹೋಗುತ್ತದೆ, ಕೈಯಲ್ಲಿರುವ ವಸ್ತು ಕಾಣದಾಗುತ್ತದೆ. ಪ್ರತಿಯೊಂದು ದೃಶ್ಯದಲ್ಲೂ ಕ್ಯಾಮೆರಾದ ಸ್ಥಾನವನ್ನು ಮತ್ತೆ ಹೊಂದಿಸಬೇಕು. ಈ ಒಂದು ತೀರ್ಮಾನ ವಾರಗಟ್ಟಲೆ ಹೆಚ್ಚಿನ ದುಡಿಮೆಯನ್ನು ತಂದಿತು. ಬಿಡುಗಡೆಯ ದಿನ ಮಾತ್ರ ಅಲುಗಾಡದೆ ನಿಂತಾಗ, ಇಂಥ ತೀರ್ಮಾನಗಳ ಬೆಲೆಯನ್ನು ನೌಕರರ ಸಂಜೆಗಳು ತೆರಬೇಕಾಗುತ್ತದೆ.

ಹೆಚ್ಚು ದುಡಿದರೆ ಹೆಚ್ಚು ಸಂಬಳವೂ ಬರಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಅಮೆರಿಕದ 1938ರ ಕಾರ್ಮಿಕ ಕಾಯ್ದೆ ಓವರ್‌ಟೈಮ್ ಸಂಬಳವನ್ನು ಕಡ್ಡಾಯ ಮಾಡಿದೆಯಾದರೂ, ತಿಂಗಳ ಸಂಬಳದ ಹಲವು ಬಗೆಯ ವೃತ್ತಿಪರರಿಗೂ ಕಂಪ್ಯೂಟರ್ ತಜ್ಞರಿಗೂ ಅದರಿಂದ ವಿನಾಯಿತಿ ಇಟ್ಟಿದೆ. ಬ್ರಿಟನ್ನಿನ 1998ರ ನಿಯಮದ ಪ್ರಕಾರ ವಾರದ ಸರಾಸರಿ ದುಡಿಮೆ 48 ಗಂಟೆ ಮೀರಬಾರದು. ಆದರೆ ನೌಕರ ಸಹಿ ಹಾಕಿ ಈ ಮಿತಿಯಿಂದ ಹೊರಗುಳಿಯಬಹುದು. ಕೆಲಸಕ್ಕೆ ಸೇರುವಾಗ ಮುಂದಿಟ್ಟ ಕಾಗದಗಳ ನಡುವೆ ಅದೂ ಒಂದು ಇದ್ದರೆ ಬೇಡ ಎನ್ನುವ ಧೈರ್ಯ ಎಷ್ಟು ಜನರಿಗೆ ಬಂದೀತು?

ಮೊದಲು ಮಾತಾಡಿದ್ದು ಮನೆಯವರು

ಈ ಸಂಗತಿ ಜಗತ್ತಿಗೆ ಮೊದಲು ದೊಡ್ಡದಾಗಿ ತಿಳಿದದ್ದು ನೌಕರರಿಂದಲ್ಲ, ಅವರ ಮನೆಯವರಿಂದ. 2004ರ ನವೆಂಬರಿನಲ್ಲಿ ‘ಇಎ ಸ್ಪೌಸ್’ ಎಂಬ ಗುಪ್ತನಾಮದಲ್ಲಿ ಒಂದು ಬಹಿರಂಗ ಪತ್ರ ಅಂತರ್ಜಾಲದಲ್ಲಿ ಪ್ರಕಟವಾಯಿತು. ಬರೆದವರು ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಪ್ರೋಗ್ರಾಮರ್ ಒಬ್ಬರನ್ನು ಮದುವೆಯಾಗಲಿದ್ದ ಎರಿನ್ ಹಾಫ್‌ಮನ್. ಬೆಳಿಗ್ಗೆ 9ರಿಂದ ರಾತ್ರಿ 10ರವರೆಗೆ, ವಾರದ ಏಳೂ ದಿನ, ಅಪರೂಪಕ್ಕೊಮ್ಮೆ ಶನಿವಾರ ಸಂಜೆ ಬಿಡುವು ಎಂಬ ವೇಳಾಪಟ್ಟಿಯನ್ನು ಅವರು ಸ್ಪಷ್ಟವಾಗಿ ಬರೆದರು. ವಾರಕ್ಕೆ 85 ಗಂಟೆ ದುಡಿದ ವ್ಯಕ್ತಿ ಮನೆಗೆ ಯಾವ ಸ್ಥಿತಿಯಲ್ಲಿ ಬರುತ್ತಾನೆ ಎಂಬುದನ್ನೂ ಬರೆದರು. ಸಾವಿರಾರು ಮಂದಿ ಅದಕ್ಕೆ ತಮ್ಮ ಅನುಭವಗಳನ್ನು ಸೇರಿಸಿದರು. ಓವರ್‌ಟೈಮ್ ಸಂಬಳಕ್ಕಾಗಿ ಕಂಪನಿಯ ಮೇಲೆ ಹೂಡಿದ್ದ ಮೊಕದ್ದಮೆಗಳು ಇತ್ಯರ್ಥಗೊಂಡಾಗ ಚಿತ್ರ ಕಲಾವಿದರಿಗೆ 1.56 ಕೋಟಿ ಡಾಲರ್, ಪ್ರೋಗ್ರಾಮರ್‌ಗಳಿಗೆ 1.49 ಕೋಟಿ ಡಾಲರ್ ಪರಿಹಾರ ಸಿಕ್ಕಿತು. ಹಾಫ್‌ಮನ್ ತಮ್ಮ ಹೆಸರು ಹೇಳಿಕೊಂಡದ್ದು 2006ರಲ್ಲಿ.

2010ರ ಜನವರಿಯಲ್ಲಿ ಇದೇ ಮತ್ತೆ ನಡೆಯಿತು. ಈ ಬಾರಿ ರಾಕ್‌ಸ್ಟಾರ್‌ನ ಸ್ಯಾನ್ ಡಿಯಾಗೋ ಸ್ಟುಡಿಯೋದ ನೌಕರರ ಹೆಂಡತಿಯರು ಪತ್ರ ಬರೆದರು. ಮೊದಲ ‘ರೆಡ್ ಡೆಡ್ ರಿಡೆಂಪ್ಷನ್’ ಆಗ ಕೊನೆಯ ಹಂತದಲ್ಲಿತ್ತು. ದಿನಕ್ಕೆ 12 ಗಂಟೆ, ವಾರಕ್ಕೆ ಆರು ದಿನದ ದುಡಿಮೆ ತಿಂಗಳುಗಳಿಂದ ನಡೆಯುತ್ತಿದೆ, ಗಂಡಂದಿರ ಆರೋಗ್ಯ ಕೆಡುತ್ತಿದೆ ಎಂಬುದು ಅವರ ಅಳಲು. ಸರಿಪಡಿಸದಿದ್ದರೆ ಕಾನೂನಿನ ದಾರಿ ಹಿಡಿಯುತ್ತೇವೆ ಎಂಬ ಎಚ್ಚರಿಕೆಯೂ ಅದರಲ್ಲಿತ್ತು.

ಎರಡು ಪತ್ರಗಳೂ ಮನೆಯಿಂದ ಬಂದದ್ದು ಕಾಕತಾಳೀಯವಲ್ಲ. ಒಪ್ಪಂದಕ್ಕೆ ಸಹಿ ಹಾಕಿದವರು ನೌಕರರು. ಆ ಕಾಗದದಲ್ಲಿ ಮನೆಯವರ ಸಹಿ ಇರಲಿಲ್ಲ. ರಾತ್ರಿ ಊಟಕ್ಕೆ ಕಾದು ಕುಳಿತವರಿಗೆ ದುಡಿಮೆಯ ಲೆಕ್ಕ ಚೆನ್ನಾಗಿ ಗೊತ್ತಿತ್ತು, ಅದನ್ನು ಹೇಳಲು ಅವರಿಗೆ ಯಾರ ಅನುಮತಿಯೂ ಬೇಕಿರಲಿಲ್ಲ.

ನೂರು ಗಂಟೆಯ ವಾರ

2018ರ ಪ್ರಸಂಗ ಶುರುವಾದದ್ದು ಒಂದು ಸಂದರ್ಶನದಿಂದ. ರಾಕ್‌ಸ್ಟಾರ್‌ನ ಸಹಸ್ಥಾಪಕ ಡ್ಯಾನ್ ಹೌಸರ್ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಹೊಸ ಆಟದ ಅಗಾಧತೆಯನ್ನು ವಿವರಿಸಿದರು: 3 ಲಕ್ಷ ಅನಿಮೇಷನ್‌ಗಳು, 5 ಲಕ್ಷ ಸಾಲು ಸಂಭಾಷಣೆ. ಅದೇ ಉತ್ಸಾಹದಲ್ಲಿ, ಆ ವರ್ಷ ಹಲವು ಬಾರಿ ತಾವು ವಾರಕ್ಕೆ ನೂರು ಗಂಟೆ ದುಡಿದೆವು ಎಂದೂ ಹೇಳಿದರು. ಅಕ್ಟೋಬರ್ 14ರಂದು ಸಂದರ್ಶನ ಪ್ರಕಟವಾಯಿತು. ಏಳು ದಿನಕ್ಕೆ ಹಂಚಿದರೆ ನೂರು ಗಂಟೆ ಎಂದರೆ ದಿನಕ್ಕೆ ಹದಿನಾಲ್ಕು ಗಂಟೆಗೂ ಮೇಲೆ. ಉಣ್ಣಲು, ಮಲಗಲು, ಓಡಾಡಲು ಸೇರಿ ಉಳಿಯುವುದು ಹತ್ತು ಗಂಟೆಗಿಂತ ಕಡಿಮೆ. ಹೆಮ್ಮೆಯಿಂದ ಆಡಿದ ಈ ಮಾತು ಉದ್ಯಮದಲ್ಲಿ ದುಡಿದವರ ಹಳೆಯ ಗಾಯವನ್ನು ಕೆದಕಿತು.

ಟೀಕೆ ಎದ್ದೊಡನೆ ಹೌಸರ್ ಸ್ಪಷ್ಟನೆ ಕೊಟ್ಟರು. ಆ ಮಾತು ಕಥೆ ಬರೆಯುವ ನಾಲ್ವರು ಹಿರಿಯರ ಬಗ್ಗೆ ಮಾತ್ರ, ಅದೂ ಮೂರು ವಾರದ ಅವಧಿಗೆ ಸಂಬಂಧಿಸಿದ್ದು, ಬೇರೆ ಯಾರಿಂದಲೂ ಹಾಗೆ ದುಡಿಮೆ ನಿರೀಕ್ಷಿಸುವುದಿಲ್ಲ ಎಂದರು. ಇದಾದ ಮೇಲೆ ನೌಕರರಿಗೆ ಮಾತಾಡುವ ಅನುಮತಿ ಬಂತು. ಕಂಪನಿ ಅಂಕಿಅಂಶವನ್ನೂ ಕೊಟ್ಟಿತು. 2018ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ ನೌಕರರ ವಾರದ ಸರಾಸರಿ ದುಡಿಮೆ 42ರಿಂದ 46 ಗಂಟೆಗಳ ನಡುವೆ ಇತ್ತು ಎಂಬುದು ಅದರ ಲೆಕ್ಕ.

ಹೆಸರು ಹೇಳಿ ಬರೆದವರಲ್ಲಿ ಹೆಚ್ಚಿನವರ ಮಾತು ಒಂದೇ ದಾಟಿಯಲ್ಲಿತ್ತು. ತಾವು ನೂರು ಗಂಟೆ ದುಡಿದದ್ದಿಲ್ಲ, ಒತ್ತಡದ ವಾರಗಳಲ್ಲಿ ಐವತ್ತು ಅರವತ್ತು ಗಂಟೆ ಆದದ್ದುಂಟು, ಸಹೋದ್ಯೋಗಿಗಳು ಒಳ್ಳೆಯವರು, ಪರಿಸ್ಥಿತಿ ಮೊದಲಿಗಿಂತ ಸುಧಾರಿಸಿದೆ ಎಂದು ಅವರು ಬರೆದರು. ಕ್ರಂಚ್ ಇದೆ, ಅದು ಕಡಿಮೆಯಾಗಬೇಕು ಎಂದು ಒಪ್ಪಿಕೊಂಡವರೂ ಅವರಲ್ಲಿದ್ದರು. ಈ ಮಾತುಗಳನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ.

ಅಕ್ಟೋಬರ್ 23ರಂದು ಇನ್ನೊಂದು ಮಗ್ಗುಲು ಕಂಡಿತು. ‘ಕೊಟಾಕು’ ಎಂಬ ಗೇಮ್ ಸುದ್ದಿಸಂಸ್ಥೆಯ ಪತ್ರಕರ್ತ ಜೇಸನ್ ಶ್ರಾಯರ್ ಅಂದು ಸುದೀರ್ಘ ವರದಿ ಪ್ರಕಟಿಸಿದರು. ಆಗ ಕೆಲಸದಲ್ಲಿದ್ದ 34 ಮತ್ತು ಕೆಲಸ ಬಿಟ್ಟಿದ್ದ 43 ಮಂದಿಯೊಂದಿಗೆ ಅವರು ಮಾತಾಡಿದ್ದರು. ಬಹುಪಾಲು ಜನ ಹೆಸರು ಹೇಳಲು ಒಪ್ಪಿರಲಿಲ್ಲ. ನೂರು ಗಂಟೆ ದುಡಿದೆ ಎಂದವರು ಇಲ್ಲಿಯೂ ವಿರಳ. ಆದರೆ 55, 60 ಗಂಟೆಯ ವಾರಗಳು ತಿಂಗಳುಗಟ್ಟಲೆ ನಡೆದದ್ದನ್ನು ಹಲವರು ಹೇಳಿದರು. ‘ಕಡ್ಡಾಯವೇನಿಲ್ಲ’ ಎಂದು ಬಾಯಲ್ಲಿ ಹೇಳುತ್ತಿದ್ದರೂ, ಸಂಜೆ ಬೇಗ ಎದ್ದು ಹೊರಟವನ ಮೇಲೆ ಎಲ್ಲರ ಕಣ್ಣು ಬೀಳುತ್ತಿತ್ತು ಎಂಬುದನ್ನು ವಿವರಿಸಿದರು.

ಕಂಪನಿ ಕೊಟ್ಟ ಸರಾಸರಿಯೂ ನೌಕರರ ದೂರೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯ. ಈ ಆಟಕ್ಕೆ ಸುಮಾರು 2,000 ಮಂದಿ ದುಡಿದಿದ್ದರು. ಒಂದು ವಿಭಾಗದವರು 40 ಗಂಟೆ ದುಡಿದು ಮನೆಗೆ ಹೋದರೆ, ಇನ್ನೊಂದು ವಿಭಾಗದವರು 65 ಗಂಟೆ ಕುಳಿತಿದ್ದರೂ ಸರಾಸರಿ 46ರ ಆಸುಪಾಸಿನಲ್ಲೇ ನಿಲ್ಲಬಹುದು. ಸರಾಸರಿ ಎಂಬ ಒಂದು ಅಂಕಿಗೆ ಅತಿ ಹೆಚ್ಚು ದುಡಿದವರ ಪಾಡನ್ನು ಹೇಳುವ ಶಕ್ತಿ ಇಲ್ಲ. ಅದನ್ನು ಆ ವಿಭಾಗದವರೇ ಹೇಳಬೇಕು.

ಲಿಂಕನ್‌ನ ಟೆಸ್ಟರ್‌ಗಳು

ಹಾಗೆ ಹೇಳಿದವರಲ್ಲಿ ಮುಖ್ಯರಾದವರು ಇಂಗ್ಲೆಂಡಿನ ಲಿಂಕನ್ ನಗರದ ಸ್ಟುಡಿಯೋದವರು. ಅಲ್ಲಿರುವುದು ರಾಕ್‌ಸ್ಟಾರ್‌ನ ಆಟಗಳ ದೋಷ ಹುಡುಕುವ ವಿಭಾಗ. ಟೆಸ್ಟರ್ ಕೆಲಸವೆಂದರೆ ದಿನವಿಡೀ ಆಟ ಆಡುವುದು ಎಂಬ ಕಲ್ಪನೆ ಹೊರಗಿದೆ. ನಿಜದಲ್ಲಿ ಅದು ಒಂದೇ ತುಣುಕನ್ನು ನೂರು ಬಗೆಯಲ್ಲಿ ಕೆಡಿಸಿ ನೋಡುವ ಕೆಲಸ. ಕುದುರೆಯನ್ನು ಬೇಲಿಯ ಪಕ್ಕಕ್ಕೆ ಒಯ್ಯಬೇಕು, ನಿಧಾನವಾಗಿ, ಆಮೇಲೆ ಜೋರಾಗಿ, ಆಮೇಲೆ ಮಳೆಯಲ್ಲಿ, ಆಮೇಲೆ ಕತ್ತಲಲ್ಲಿ. ಕುದುರೆಯ ಕಾಲು ಬೇಲಿಯೊಳಗೆ ಹೂತುಹೋದರೆ ಅದೊಂದು ಬಗ್. ಅದು ಯಾವ ಹಂತದಲ್ಲಿ, ಯಾವ ಜಾಗದಲ್ಲಿ, ಏನು ಮಾಡಿದಾಗ ಆಯಿತು ಎಂದು ಬರೆದು, ಚಿತ್ರ ಸೇರಿಸಿ ಪ್ರೋಗ್ರಾಮರ್‌ಗೆ ಕಳಿಸಬೇಕು. ಅವರು ಸರಿಪಡಿಸಿದ ಮೇಲೆ ಆಟದ ಹೊಸ ಆವೃತ್ತಿ ಬರುತ್ತದೆ. ಆಗ ಅದೇ ಬೇಲಿಯ ಬಳಿ ಅದೇ ಕುದುರೆಯನ್ನು ಮತ್ತೆ ಓಡಿಸಬೇಕು. ಹಗಲು ಬೇರೆ ಸ್ಟುಡಿಯೋಗಳಲ್ಲಿ ಮಾಡಿದ ಬದಲಾವಣೆಗಳನ್ನು ರಾತ್ರಿ ಪರೀಕ್ಷಿಸಿ ಬೆಳಗಾಗುವಷ್ಟರಲ್ಲಿ ವರದಿ ಕೊಟ್ಟರೆ ಕೆಲಸ ಬೇಗ ಸಾಗುತ್ತದೆ. ಬಿಡುಗಡೆಗೆ ಮುಂಚಿನ ತಿಂಗಳುಗಳಲ್ಲಿ ಟೆಸ್ಟರ್‌ಗಳ ಮೇಲೆ ಭಾರ ಹೆಚ್ಚುವುದು ಇದರಿಂದಲೇ.

ಟೆಸ್ಟರ್‌ಗಳ ಸಂಬಳ ಕಡಿಮೆ, ಹಲವರು ಗುತ್ತಿಗೆಯ ಮೇಲಿರುವವರು. ಲಿಂಕನ್‌ನಲ್ಲಿ 2017ರಿಂದ ಸಂಜೆಯ ಓವರ್‌ಟೈಮೂ ವಾರದ ರಜೆಯ ದುಡಿಮೆಯೂ ಕಡ್ಡಾಯದಂತೆ ನಡೆದುಬಂದಿತ್ತು ಎಂದು ಅಲ್ಲಿನವರು ಹೇಳಿದರು. ಹೌಸರ್ ಅವರ ಮಾತಿನಿಂದ ಎದ್ದ ಗದ್ದಲದ ನಡುವೆಯೇ ಕಂಪನಿ ಅವರಿಗೆ, ಇನ್ನು ಮುಂದೆ ಓವರ್‌ಟೈಮ್ ಇಷ್ಟವಿದ್ದವರಿಗೆ ಮಾತ್ರ ಎಂದು ತಿಳಿಸಿತು. ಮರುವರ್ಷ ಅಲ್ಲಿನ ಗುತ್ತಿಗೆ ಟೆಸ್ಟರ್‌ಗಳು ಕಾಯಂ ನೌಕರರಾದರು. ಬಹಿರಂಗವಾಗಿ ಆಡಿದ ಮಾತಿನಿಂದ ಏನು ಬದಲಾಗುತ್ತದೆ ಎಂದು ಕೇಳುವವರಿಗೆ ಲಿಂಕನ್ ಒಂದು ಖಚಿತ ಉತ್ತರ.

ಬದಲಾವಣೆ ಅಲ್ಲಿಗೇ ನಿಲ್ಲಲಿಲ್ಲ. 2020ರ ಏಪ್ರಿಲ್‌ನಲ್ಲಿ ಶ್ರಾಯರ್ ಮತ್ತೆ ನೌಕರರನ್ನು ಮಾತಾಡಿಸಿದಾಗ, ದುಡಿಮೆಯ ವೇಳೆಯಲ್ಲಿ ಸಡಿಲಿಕೆ ಬಂದಿದೆ, ಕೆಟ್ಟದಾಗಿ ನಡೆದುಕೊಳ್ಳುತ್ತಿದ್ದ ಕೆಲವು ಮ್ಯಾನೇಜರ್‌ಗಳು ಹೋಗಿದ್ದಾರೆ, ಮುಂದಿನ ಆಟದ ಯೋಜನೆಯಲ್ಲಿ ಕ್ರಂಚ್ ತಗ್ಗಿಸುವ ಪ್ರಯತ್ನವಿದೆ ಎಂದು ಹಲವರು ಹೇಳಿದರು.

ಹೆಸರಿನ ಮಾತು, ಹೆಸರಿಲ್ಲದ ಮಾತು

ಇಂಥ ಸಾಕ್ಷ್ಯಗಳನ್ನು ಓದುವಾಗ ಒಂದು ಎಚ್ಚರ ಬೇಕು. ಮಾಲೀಕರು ಓದುತ್ತಿದ್ದಾರೆ ಎಂದು ಗೊತ್ತಿದ್ದೂ ಹೆಸರು ಹಾಕಿ ಬರೆಯುವವರು, ಒಳ್ಳೆಯದನ್ನು ಹೇಳಲು ಇರುವವರೇ ಹೆಚ್ಚು. ಕಹಿ ಅನುಭವ ಇರುವವರು ಅನುಮತಿ ಸಿಕ್ಕರೂ ಸುಮ್ಮನಿರುತ್ತಾರೆ, ಇಲ್ಲವೇ ಹೆಸರು ಮರೆಸುತ್ತಾರೆ. ಹೆಸರಿಲ್ಲದ ಮಾತಿಗೂ ತನ್ನದೇ ಕೊರತೆಯಿದೆ. ಅದರ ಹಿಂದೆ ಯಾರಿದ್ದಾರೆ, ವೈಯಕ್ತಿಕ ಸಿಟ್ಟು ಎಷ್ಟು, ಸತ್ಯ ಎಷ್ಟು ಎಂದು ಓದುಗನಿಗೆ ತಿಳಿಯುವುದಿಲ್ಲ. ಇಲ್ಲಿ ಪತ್ರಕರ್ತನ ಕೆಲಸ ಬರುತ್ತದೆ. ಪರಸ್ಪರ ಪರಿಚಯವಿಲ್ಲದ ಹತ್ತು ಮಂದಿ ಬೇರೆ ಬೇರೆಯಾಗಿ ಒಂದೇ ಘಟನೆ ಹೇಳಿದರೆ, ಮಿಂಚಂಚೆ, ಸಂಬಳದ ಚೀಟಿ, ಹಾಜರಿಯ ದಾಖಲೆ ಅದಕ್ಕೆ ತಾಳೆಯಾದರೆ, ಆಗ ಹೆಸರಿಲ್ಲದ ಮಾತೂ ಗಟ್ಟಿಯಾಗಿ ನಿಲ್ಲುತ್ತದೆ.

ಅನುಮತಿಯ ಇನ್ನೊಂದು ಮಿತಿಯೆಂದರೆ ಅದು ಕೊಟ್ಟವರ ಕೈಯಲ್ಲೇ ಇರುತ್ತದೆ. ಇಂದು ಮಾತಾಡಿ ಎಂದವರು ನಾಳೆ ಸಾಕು ಎನ್ನಬಹುದು. ಆದ್ದರಿಂದಲೇ 2018ರಿಂದ ಈಚೆಗೆ ಗೇಮ್ ನೌಕರರ ಗಮನ ಅನುಮತಿಯಿಂದ ಸಂಘಟನೆಯ ಕಡೆಗೆ, ಕಾನೂನಿನ ಕಡೆಗೆ ಹೊರಳಿತು.

ಒಬ್ಬೊಬ್ಬರಿಂದ ಸಾವಿರಾರು ಮಂದಿಗೆ

2018ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ರಾಯಟ್ ಗೇಮ್ಸ್ ಕಂಪನಿಯಲ್ಲಿ ಹೆಣ್ಣುಮಕ್ಕಳನ್ನು ನಡೆಸಿಕೊಳ್ಳುತ್ತಿದ್ದ ರೀತಿಯ ಬಗ್ಗೆ ದೊಡ್ಡ ವರದಿ ಬಂತು. ಅದರ ಹಿಂದೆಯೂ ಇದ್ದದ್ದು ಹಾಲಿ ಮತ್ತು ಮಾಜಿ ನೌಕರರ ಮಾತು. ಕೆಲವರು ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯ ಬಂದರೆ ನ್ಯಾಯಾಲಯಕ್ಕೆ ಹೋಗುವಂತಿಲ್ಲ, ಖಾಸಗಿ ಮಧ್ಯಸ್ಥಿಕೆಯಲ್ಲೇ ಬಗೆಹರಿಸಿಕೊಳ್ಳಬೇಕು ಎಂಬ ಷರತ್ತನ್ನು ಕಂಪನಿ ಎದುರಿಗಿಟ್ಟಿತು. ಮುಚ್ಚಿದ ಕೋಣೆಯ ಮಧ್ಯಸ್ಥಿಕೆ ಎಂದರೆ ದೂರು ಹೊರಗೆ ಕೇಳದಂತೆ ಮಾಡುವ ಇನ್ನೊಂದು ದಾರಿ. ಇದನ್ನು ವಿರೋಧಿಸಿ 2019ರ ಮೇ 6ರಂದು ನೂರಕ್ಕೂ ಹೆಚ್ಚು ನೌಕರರು ಕಚೇರಿಯಿಂದ ಹೊರನಡೆದರು. 2021ರ ಡಿಸೆಂಬರಿನಲ್ಲಿ ಕಂಪನಿ 10 ಕೋಟಿ ಡಾಲರ್ ಕೊಟ್ಟು ಪ್ರಕರಣ ಮುಗಿಸಲು ಒಪ್ಪಿತು.

ಅದೇ ವರ್ಷ ಜುಲೈ 20ರಂದು ಕ್ಯಾಲಿಫೋರ್ನಿಯಾ ಸರ್ಕಾರದ ಇಲಾಖೆಯೇ ಆಕ್ಟಿವಿಷನ್ ಬ್ಲಿಝಾರ್ಡ್ ಕಂಪನಿಯ ಮೇಲೆ ಲಿಂಗ ತಾರತಮ್ಯ ಮತ್ತು ಕಿರುಕುಳದ ಮೊಕದ್ದಮೆ ಹೂಡಿತು. ಆರೋಪಗಳು ತಿರುಚಿದವು ಎಂದು ಕಂಪನಿ ಹೇಳಿದ್ದೇ ತಡ, ನೌಕರರು ಆ ಹೇಳಿಕೆಯ ವಿರುದ್ಧವೇ ಬಹಿರಂಗ ಪತ್ರ ಬರೆದರು. ಎರಡು ಸಾವಿರಕ್ಕೂ ಹೆಚ್ಚು ಹಾಲಿ ಮತ್ತು ಮಾಜಿ ನೌಕರರು ಸಹಿ ಹಾಕಿದರು. ಜುಲೈ 28ರಂದು ಅರ್ವೈನ್ ನಗರದ ಕಚೇರಿಯೆದುರು ನೂರಾರು ಮಂದಿ ನಿಂತರು. ಕೆಲವೇ ದಿನಗಳಲ್ಲಿ ಬ್ಲಿಝಾರ್ಡ್‌ನ ಅಧ್ಯಕ್ಷರು ಹುದ್ದೆ ಬಿಟ್ಟರು. ಕಿರುಕುಳದ ದೂರುಗಳಿಗೆ ಕಡ್ಡಾಯ ಮಧ್ಯಸ್ಥಿಕೆಯ ಷರತ್ತನ್ನು ಕಂಪನಿ ಅದೇ ಅಕ್ಟೋಬರಿನಲ್ಲಿ ಕೈಬಿಟ್ಟಿತು. ರಾಜ್ಯದ ಮೊಕದ್ದಮೆ 2023ರ ಡಿಸೆಂಬರಿನಲ್ಲಿ ಸುಮಾರು 5.4 ಕೋಟಿ ಡಾಲರಿನ ಒಪ್ಪಂದದಲ್ಲಿ ಮುಗಿಯಿತು. ವ್ಯಾಪಕ ಕಿರುಕುಳದ ಆರೋಪವನ್ನು ಯಾವ ನ್ಯಾಯಾಲಯವಾಗಲಿ ಸ್ವತಂತ್ರ ತನಿಖೆಯಾಗಲಿ ಸಾಬೀತುಪಡಿಸಿಲ್ಲ ಎಂಬ ಮಾತೂ ಆ ಒಪ್ಪಂದದಲ್ಲಿದೆ.

ಇದೇ ಕಂಪನಿಗೆ ಸಂಬಂಧಿಸಿದ ಇನ್ನೊಂದು ಪ್ರಕರಣ ಅಷ್ಟು ಸುದ್ದಿಯಾಗದಿದ್ದರೂ ಇಲ್ಲಿ ಬಹಳ ಮುಖ್ಯ. ಕೆಲಸ ಬಿಟ್ಟು ಹೋಗುವ ನೌಕರರ ಒಪ್ಪಂದದಲ್ಲಿ, ಷೇರು ಮಾರುಕಟ್ಟೆಯ ನಿಯಂತ್ರಕರು ಏನಾದರೂ ಮಾಹಿತಿ ಕೇಳಿದರೆ ಕಂಪನಿಗೆ ತಿಳಿಸಬೇಕು ಎಂಬ ಷರತ್ತಿತ್ತು. ಇದು ಮಾಹಿತಿ ಕೊಡುವವರನ್ನು ಕಾಪಾಡುವ ನಿಯಮಕ್ಕೆ ವಿರುದ್ಧ ಎಂದು ಅಮೆರಿಕದ ನಿಯಂತ್ರಣ ಆಯೋಗ ಹೇಳಿತು. ಕೆಲಸದ ಸ್ಥಳದ ದೂರುಗಳನ್ನು ಸಂಗ್ರಹಿಸಿ ಪರಿಶೀಲಿಸುವ ವ್ಯವಸ್ಥೆ ಇರಲಿಲ್ಲ ಎಂಬ ಆಕ್ಷೇಪವೂ ಸೇರಿ, 2023ರ ಫೆಬ್ರುವರಿಯಲ್ಲಿ ಕಂಪನಿ 3.5 ಕೋಟಿ ಡಾಲರ್ ದಂಡ ತೆರಲು ಒಪ್ಪಿತು.

ಸಂಘಗಳೂ ಹುಟ್ಟಿಕೊಂಡವು. ಆಕ್ಟಿವಿಷನ್ ಒಡೆತನದ ರೇವನ್ ಸಾಫ್ಟ್‌ವೇರ್‌ನ ಟೆಸ್ಟರ್‌ಗಳು 2022ರ ಮೇ ತಿಂಗಳಲ್ಲಿ 19–3 ಮತಗಳಿಂದ ಸಂಘ ಕಟ್ಟಿಕೊಂಡರು. 2023ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಆಕ್ಟಿವಿಷನ್ ಅನ್ನು ಕೊಂಡಿತು. ನೌಕರರು ಸಂಘ ಕಟ್ಟಲು ಹೊರಟರೆ ಅಡ್ಡಿಪಡಿಸುವುದಿಲ್ಲ ಎಂದು ಅದು ಮೊದಲೇ ಒಪ್ಪಿಕೊಂಡಿತ್ತು. 2024ರಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ತಂಡದ 500ಕ್ಕೂ ಹೆಚ್ಚು ಮಂದಿ ಸಂಘ ಸೇರಿದರು.

ಕಾನೂನು ಏನು ಹೇಳುತ್ತದೆ

ಅಮೆರಿಕದ 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧ ಕಾಯ್ದೆಯ 7ನೇ ಕಲಂ ನೌಕರರಿಗೆ ತಮ್ಮ ಸಂಬಳ, ವೇಳೆ, ಕೆಲಸದ ಸ್ಥಿತಿಯ ಬಗ್ಗೆ ಒಟ್ಟಾಗಿ ಮಾತಾಡುವ ಹಕ್ಕು ಕೊಡುತ್ತದೆ. ಸಂಘ ಇರಲಿ ಇಲ್ಲದಿರಲಿ, ಈ ಹಕ್ಕು ಇದ್ದೇ ಇರುತ್ತದೆ. ಪತ್ರಿಕೆಗಳಿಗೆ ಹೇಳುವುದೂ ಇದರೊಳಗೆ ಬರುತ್ತದೆ. ವ್ಯಾಪಾರದ ಗುಟ್ಟು ಬಿಟ್ಟುಕೊಡುವುದು, ಗೊತ್ತಿದ್ದೂ ಸುಳ್ಳು ಹೇಳುವುದು ಬರುವುದಿಲ್ಲ. ಮೇಲ್ವಿಚಾರಕರಿಗೂ ಸ್ವತಂತ್ರ ಗುತ್ತಿಗೆದಾರರಿಗೂ ಈ ರಕ್ಷಣೆ ಇಲ್ಲ. ಕ್ಯಾಲಿಫೋರ್ನಿಯಾ 2022ರ ಜನವರಿಯಿಂದ ಇನ್ನೊಂದು ಹೆಜ್ಜೆ ಮುಂದಿಟ್ಟಿದೆ. ಕಿರುಕುಳ ಮತ್ತು ತಾರತಮ್ಯದ ಬಗ್ಗೆ ಬಾಯಿ ಬಿಡದಂತೆ ಮಾಡುವ ಒಪ್ಪಂದಗಳು ಅಲ್ಲಿ ನಿಲ್ಲುವುದಿಲ್ಲ. 2022ರ ಡಿಸೆಂಬರಿನಲ್ಲಿ ಬಂದ ಕೇಂದ್ರ ಕಾನೂನು, ಲೈಂಗಿಕ ಕಿರುಕುಳದ ವ್ಯಾಜ್ಯ ಹುಟ್ಟುವ ಮೊದಲೇ ಮಾಡಿಸಿಕೊಂಡ ಇಂಥ ಒಪ್ಪಂದಗಳನ್ನು ದೇಶದಾದ್ಯಂತ ದುರ್ಬಲಗೊಳಿಸಿದೆ.

ಬ್ರಿಟನ್ನಿನಲ್ಲಿ 1998ರ ಕಾಯ್ದೆಯೊಂದು ಸಾರ್ವಜನಿಕ ಹಿತಕ್ಕಾಗಿ ಅಕ್ರಮ ಬಯಲಿಗೆಳೆಯುವವರನ್ನು ಕಾಪಾಡುತ್ತದೆ. ಕಾರ್ಮಿಕ ಸಂಘಕ್ಕೆ ಸೇರಿದ ಕಾರಣಕ್ಕೆ ಕೆಲಸದಿಂದ ತೆಗೆಯುವುದೂ ಅಲ್ಲಿ ಕಾನೂನುಬಾಹಿರ. ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ ಗೌಪ್ಯ ಮಾಹಿತಿ ಯಾವುದು, ಕೆಲಸದ ಸ್ಥಿತಿಯ ಮಾತು ಯಾವುದು ಎಂಬ ಗೆರೆ ಇನ್ನೂ ವಿವಾದದಲ್ಲೇ ಇದೆ. 2025ರ ಅಕ್ಟೋಬರ್ ಕೊನೆಯಲ್ಲಿ ರಾಕ್‌ಸ್ಟಾರ್ ಬ್ರಿಟನ್ ಮತ್ತು ಕೆನಡಾದಲ್ಲಿ 30ಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ತೆಗೆಯಿತು. ಕಂಪನಿಯ ಗೌಪ್ಯ ವಿಷಯವನ್ನು ಹೊರಗಿನವರಿದ್ದ ಕಡೆ ಚರ್ಚಿಸಿದರು ಎಂಬುದು ಕಂಪನಿ ಕೊಟ್ಟ ಕಾರಣ. ತೆಗೆದುಹಾಕಲ್ಪಟ್ಟವರೆಲ್ಲ ಸಂಘದ ಸದಸ್ಯರು ಅಥವಾ ಸೇರಲು ಹೊರಟವರು, ಅವರು ಮಾತಾಡಿದ್ದು ಸಂಘದ ಖಾಸಗಿ ಗುಂಪಿನಲ್ಲಿ, ಮಾತಾಡಿದ್ದು ಕೆಲಸದ ಸ್ಥಿತಿಯ ಬಗ್ಗೆ ಎಂಬುದು ಬ್ರಿಟನ್ನಿನ ಸ್ವತಂತ್ರ ಕಾರ್ಮಿಕ ಸಂಘದ ವಾದ. ಸಂಘ ಕಾನೂನಿನ ಮೊರೆ ಹೋಯಿತು. ಏಳು ವರ್ಷಗಳ ಹಿಂದೆ ಮಾತಾಡಿ ಎಂದಿದ್ದ ಕಂಪನಿಯಲ್ಲೇ ಇದು ನಡೆದದ್ದು ಅನುಮತಿಗೂ ಹಕ್ಕಿಗೂ ಇರುವ ಅಂತರವನ್ನು ಎತ್ತಿತೋರಿಸುತ್ತದೆ.

ಬೆಂಗಳೂರಿನ ಪಾಲು

‘ರೆಡ್ ಡೆಡ್ ರಿಡೆಂಪ್ಷನ್ 2’ ಕಟ್ಟಿದ ಸ್ಟುಡಿಯೋಗಳ ಪಟ್ಟಿಯಲ್ಲಿ ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾ ಕೂಡ ಇದೆ. ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ ಅನ್ನು ರಾಜೇಶ್ ರಾವ್ 1997ರಲ್ಲಿ ಇದೇ ಊರಿನಲ್ಲಿ ಕಟ್ಟಿದರು. ವಿದೇಶಿ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳ ಚಿತ್ರಕಲೆ ಒದಗಿಸಿ ಬೆಳೆದ ಈ ಕಂಪನಿಯನ್ನು 2019ರಲ್ಲಿ ರಾಕ್‌ಸ್ಟಾರ್ 79 ಲಕ್ಷ ಡಾಲರಿಗೆ ಕೊಂಡು ತನ್ನ ಬೆಂಗಳೂರು ಸ್ಟುಡಿಯೋದೊಂದಿಗೆ ಸೇರಿಸಿಕೊಂಡಿತು. ಜಗತ್ತಿನ ಅತಿ ದೊಡ್ಡ ಆಟಗಳಲ್ಲಿ ಕನ್ನಡ ನೆಲದ ದುಡಿಮೆಯಿದೆ. ಆ ದುಡಿಮೆಯ ಸ್ಥಿತಿಗತಿ ಇಲ್ಲಿನ ವಿಷಯವೂ ಹೌದು.

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ. ಅದಕ್ಕೂ ಮೀರಿದ ದುಡಿಮೆಗೆ ಎರಡರಷ್ಟು ಸಂಬಳ ಕೊಡಬೇಕು ಎನ್ನುತ್ತದೆ. ಇನ್ನೊಂದು ಕಡೆ, ನೌಕರಿಯ ಷರತ್ತುಗಳನ್ನು ಲಿಖಿತವಾಗಿ ನಿಗದಿಪಡಿಸಬೇಕೆಂಬ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಮತ್ತು ಅನಿಮೇಷನ್, ಗೇಮಿಂಗ್ ಮೊದಲಾದ ಕಂಪನಿಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡುತ್ತ ಬಂದು, 2024ರಲ್ಲಿ ಅದನ್ನು ಐದು ವರ್ಷಕ್ಕೆ ಮುಂದುವರಿಸಿತು. ಕುಂದುಕೊರತೆ ಸಮಿತಿ ಮತ್ತು ಲೈಂಗಿಕ ಕಿರುಕುಳ ತಡೆ ಸಮಿತಿ ಇರಬೇಕು, ನೌಕರರ ಮೇಲಿನ ಶಿಸ್ತುಕ್ರಮವನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬುದು ಆ ವಿನಾಯಿತಿಯ ಷರತ್ತು. ಈ ವಿನಾಯಿತಿಯನ್ನು ವಿರೋಧಿಸುತ್ತ ಬಂದಿರುವ ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ, ದಿನದ ದುಡಿಮೆಯನ್ನು 14 ಗಂಟೆಗೆ ಏರಿಸುವ ಪ್ರಸ್ತಾವ 2024ರಲ್ಲಿ ಬಂದಾಗಲೂ ಬೀದಿಗಿಳಿಯಿತು. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದು, 1946ರ ಕಾಯ್ದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ.

ಮಾತಾಡುವ ಹಕ್ಕಿನ ಮಟ್ಟಿಗೆ ಭಾರತದ ಖಾಸಗಿ ನೌಕರನ ಕೈಯಲ್ಲಿ ಇರುವುದು ಕಡಿಮೆ. ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಮುಖ್ಯವಾಗಿ ಸರ್ಕಾರದ ಎದುರು ಸಿಗುವ ರಕ್ಷಣೆ. ಅಕ್ರಮ ಬಯಲಿಗೆಳೆಯುವವರಿಗಾಗಿ 2014ರಲ್ಲಿ ಮಾಡಿದ ಕಾಯ್ದೆ ಸರ್ಕಾರಿ ವ್ಯವಸ್ಥೆಗೆ ಸಂಬಂಧಿಸಿದ್ದು. ಸಂಘ ಕಟ್ಟಿಕೊಳ್ಳುವ ಹಕ್ಕು 1926ರಿಂದಲೇ ಕಾನೂನಿನಲ್ಲಿದೆ, ಬಳಸಿಕೊಳ್ಳುವವರು ಮಾತ್ರ ಐಟಿ ವಲಯದಲ್ಲಿ ವಿರಳ.

ಎರಡು ದಶಕಗಳ ಈ ಅನುಭವದಿಂದ ಕೆಲವು ಸಂಗತಿಗಳು ಗಟ್ಟಿಯಾಗಿ ಹೇಳಲು ಸಿಗುತ್ತವೆ. ಕೇವಲ ಸಿಟ್ಟಿನ ಮಾತಿಗಿಂತ ಗಂಟೆ, ದಿನ, ಸಂಬಳ, ಆದೇಶದ ವಿವರ ಇರುವ ಮಾತು ಹೆಚ್ಚು ಕೆಲಸ ಮಾಡಿದೆ. ಒಬ್ಬರ ಮಾತಿಗಿಂತ ಹಲವರು ಒಟ್ಟಾಗಿ ಆಡಿದ ಮಾತು ಆಡಿದವರನ್ನೂ ಹೆಚ್ಚು ಕಾಪಾಡಿದೆ. ಆಟದ ಕಥೆಯನ್ನಾಗಲಿ ತಂತ್ರಾಂಶವನ್ನಾಗಲಿ ಬಿಟ್ಟುಕೊಡದೆ, ದುಡಿಮೆಯ ಸ್ಥಿತಿಯನ್ನಷ್ಟೇ ಹೇಳಲು ಸಾಧ್ಯವಿದೆ ಎಂಬುದನ್ನು ಲಿಂಕನ್‌ನ ಟೆಸ್ಟರ್‌ಗಳು ತೋರಿಸಿದ್ದಾರೆ. ಹಾಗೆ ಹೇಳಿದ್ದರಿಂದ ಆಟಕ್ಕೂ ನಷ್ಟವಾಗಲಿಲ್ಲ. ‘ರೆಡ್ ಡೆಡ್ ರಿಡೆಂಪ್ಷನ್ 2’ ಬಿಡುಗಡೆಯಾದ ಮೊದಲ ಮೂರು ದಿನದಲ್ಲೇ 72.5 ಕೋಟಿ ಡಾಲರಿನ ಮಾರಾಟ ಕಂಡಿತು. ದುಡಿಯುವವರ ಮಾತಿಗೆ ಹೆದರಬೇಕಾದ ಕಾರಣ ಒಳ್ಳೆಯ ಆಟಕ್ಕೆ ಇಲ್ಲ. ಆ ಮಾತಿಗೆ ಕಂಪನಿಯ ಮರ್ಜಿಯಲ್ಲ, ಕಾನೂನಿನ ಆಸರೆ ಬೇಕು. ಬ್ರಿಟನ್ನಿನಲ್ಲಿ ಕುಳಿತವರಿಗೆ ಸಲ್ಲುವ ಆಸರೆ ಅದೇ ಆಟಕ್ಕೆ ಬೆಂಗಳೂರಿನಲ್ಲಿ ದುಡಿಯುವವರಿಗೂ ಸಲ್ಲಬೇಕು.